ಹೊತ್ತಿ ಆರುವ ದೀಪ

ನಮ್ಮ ಮನೆಯಲ್ಲಿ ಎರಡು ಎಚ್ಚರಿಕೆಯ ದೀಪಗಳಿವೆ ಎಂದು ನಮ್ಮವರು ಬಂದ ನೆಂಟರ ಮುಂದೆಲ್ಲ ಹೇಳಿ ನಗುವುದುಂಟು. ಒಂದು ಕಾರಿನಲ್ಲಿರುವುದು, ಯಾವಾಗ ಹೊತ್ತಿಕೊಳ್ಳುತ್ತದೋ ಯಾರಿಗೂ ಗೊತ್ತಿಲ್ಲ. ಇನ್ನೊಂದು ಅಡುಗೆಮನೆಯಲ್ಲಿರುವುದು, ಅದು ಆರಿದ್ದನ್ನು ಯಾರೂ ಕಂಡಿಲ್ಲ! ನೆಂಟರೂ ನಗುತ್ತಾರೆ, ಕಾಫಿ ಲೋಟ ಹಿಡಿದು ಬಂದ ನಾನೂ ನಗುತ್ತೇನೆ. ಎರಡನೆಯ ದೀಪದ ವಿಚಾರ ಹಾಗಿರಲಿ, ಮೊದಲನೆಯದರ ಕಥೆ ಹೇಳುತ್ತೇನೆ.

ನಮ್ಮ ಕಾರು 2011ರದು. ಕೊಡಗಿನ ಹದಿಮೂರು ಮಳೆಗಾಲ ಕಂಡದ್ದು. ಇಲ್ಲಿಯ ಮಳೆಗಾಲವೆಂದರೆ ಏನೆಂದು ನಿಮಗೆ ಗೊತ್ತಲ್ಲ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು, ಗೂಡಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು. 2024ರ ಜೂನ್ ತಿಂಗಳ ಒಂದು ಸಂಜೆ ಕುಶಾಲನಗರದಿಂದ ಮಡಿಕೇರಿಗೆ ಬರುತ್ತಿದ್ದೆವು. ಆನೆಕಾಡಿನ ತಿರುವುಗಳಲ್ಲಿ ಸ್ಟಿಯರಿಂಗ್ ಹಿಂದೆ ಒಂದು ಕೆಂಪು ಚಿತ್ರ ಮೂಡಿತು. ಕುಳಿತ ಮನುಷ್ಯ, ಅವನ ಹೊಟ್ಟೆಯ ಮುಂದೆ ದೊಡ್ಡದೊಂದು ಚೆಂಡು. "ಇದೇನ್ರೀ, ಬಸುರಿ ಹೆಂಗಸಿನ ಚಿತ್ರ ಬಂದಿದೆ?" ಎಂದೆ. "ಅದು ಏರ್‌ಬ್ಯಾಗು ಕಣೇ" ಎಂದರು. ಸುಂಟಿಕೊಪ್ಪ ದಾಟುವಷ್ಟರಲ್ಲಿ ಅದು ಆರಿಹೋಯಿತು. "ನೋಡು, ಸರಿಹೋಯಿತು" ಎಂದರು.

ಆರಿದ್ದು ಸರಿಹೋದದ್ದಕ್ಕೆ ಸಮವೇ? ಅಂದಿನಿಂದ ನನ್ನ ತಲೆಯನ್ನು ಕೊರೆದ ಪ್ರಶ್ನೆ ಇದೇ.

ಆ ದೀಪ ಏನು ಹೇಳುತ್ತದೆಂದು ಕೇಳಿ ತಿಳಿದುಕೊಂಡೆ. ಕಾರು ಜೋರಾಗಿ ಗುದ್ದಿದಾಗ ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಬೇಗ ಗಾಳಿಚೀಲ ಉಬ್ಬಿ ನಮ್ಮ ತಲೆಗೂ ಎದೆಗೂ ಅಡ್ಡ ಬರಬೇಕು, ಅದೇ ಹೊತ್ತಿಗೆ ಸೀಟ್ ಬೆಲ್ಟು ಬಿಗಿಯಾಗಬೇಕು. ಇದನ್ನೆಲ್ಲ ಕಾಯುವ ಪುಟ್ಟ ಕಂಪ್ಯೂಟರೊಂದು ಕಾರಿನೊಳಗಿದೆ. ಬೀಗದ ಕೈ ತಿರುಗಿಸಿದೊಡನೆ ಅದು ತನ್ನ ತಂತಿಗಳನ್ನೆಲ್ಲ ಒಮ್ಮೆ ತಡವಿ ನೋಡುತ್ತದೆ. ಆ ಕೆಲವು ಕ್ಷಣ ದೀಪ ಹೊತ್ತಿದ್ದು, ಎಲ್ಲ ಸರಿಯಿದ್ದರೆ ಆರುತ್ತದೆ. ಓಡುವಾಗ ಮತ್ತೆ ಹೊತ್ತಿಕೊಂಡರೆ ಎಲ್ಲೋ ಒಂದು ಕೊಂಡಿ ಕಳಚಿದೆ, ಅಪಘಾತವಾದರೆ ಚೀಲ ಉಬ್ಬದೆಯೂ ಇರಬಹುದು ಎಂದು ಅರ್ಥ.

ಈ ಚೀಲದ ಹುಟ್ಟಿನ ಕಥೆಯನ್ನು ಓದಿದ ಮೇಲಂತೂ ನನಗೆ ಅದರ ಮೇಲೆ ಮಮತೆಯೇ ಹುಟ್ಟಿತು. 1952ರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಎಂಬ ಎಂಜಿನಿಯರ್ ಹೆಂಡತಿ, ಮಗಳ ಜೊತೆ ಕಾರಿನಲ್ಲಿ ಹೋಗುತ್ತಿದ್ದಾಗ ಕಾರು ರಸ್ತೆ ಬಿಟ್ಟು ಪಕ್ಕದ ಹಳ್ಳಕ್ಕೆ ಇಳಿಯಿತಂತೆ. ಆ ಕ್ಷಣದಲ್ಲಿ ಗಂಡ ಹೆಂಡತಿ ಇಬ್ಬರೂ ತಮಗರಿವಿಲ್ಲದೆ ನಡುವೆ ಕೂತ ಮಗುವಿಗೆ ಕೈ ಅಡ್ಡ ಹಿಡಿದರು. ಆ ಕೈಯ ಕೆಲಸವನ್ನು ಕಾರೇ ಮಾಡುವಂತಿದ್ದರೆ ಎಂದು ಯೋಚಿಸಿ ಆತ ಗಾಳಿಚೀಲದ ನಕ್ಷೆ ಬರೆದ, 1953ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಬ್ರೇಕ್ ಬಿದ್ದಾಗ ಪಕ್ಕದ ಮಗುವಿಗೆ ಕೈ ಅಡ್ಡ ಹಿಡಿಯದ ತಾಯಿ ಯಾರಿದ್ದಾಳೆ? ನಮ್ಮ ದೇಶದಲ್ಲಿ ಚಾಲಕನಿಗೆ ಈ ಚೀಲ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದ ಸೀಟಿಗೂ ಇರಬೇಕೆಂಬ ನಿಯಮ ಬಂದದ್ದು 2021ರಲ್ಲಿ.

ದೀಪ ಹೊತ್ತುವುದು, ಆರುವುದು ನಡೆದೇ ಇತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಕಂಪ್ಯೂಟರ್ ಜೋಡಿಸಿ, ಕಾರು ತನ್ನೊಳಗೆ ಬರೆದಿಟ್ಟುಕೊಂಡಿದ್ದ ತಪ್ಪಿನ ಸಂಖ್ಯೆಯನ್ನು ಅಳಿಸಿ ಕಳಿಸಿದರು. ನಾಲ್ಕೇ ದಿನಕ್ಕೆ ದೀಪ ಮತ್ತೆ ಬಂತು. ಕರಿಹಲಗೆ ಒರೆಸಿದರೆ ಲೆಕ್ಕ ಸರಿಯಾಗುತ್ತದೆಯೇ? ಎರಡನೆಯ ಕಡೆ ಡಬ್ಬಿಯನ್ನೇ ಬದಲಿಸಬೇಕು, ನಲವತ್ತು ಸಾವಿರವಾಗುತ್ತದೆ ಎಂದರು. ನಾವು ಬಾಯಿ ಬಿಟ್ಟದ್ದನ್ನು ಕಂಡು ಅಲ್ಲಿಯ ಹುಡುಗ ದನಿ ತಗ್ಗಿಸಿ, "ಐನೂರು ಕೊಡಿ ಮೇಡಂ, ದೀಪ ಹೊತ್ತದ ಹಾಗೆ ಮಾಡಿಬಿಡ್ತೀನಿ. ಎಲ್ಲರೂ ಅದನ್ನೇ ಮಾಡಿಸ್ತಾರೆ" ಎಂದ. ನಮ್ಮವರು ಜೇಬಿಗೆ ಕೈ ಹಾಕಿದ್ದರು. ನಾನು ಕಾರಿನಲ್ಲಿ ಹೋಗಿ ಕೂತುಬಿಟ್ಟೆ.

ಕಡೆಗೆ ಒಳ್ಳೆಯ ದಾರಿ ತೋರಿದವನು ಮಡಿಕೇರಿಯಲ್ಲೇ ಗ್ಯಾರೇಜಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಗಣಿತಕ್ಕೆ ನನ್ನಿಂದ ಪೆಟ್ಟು ತಿಂದವನು. "ಟೀಚರೇ, ಬಂದು ಹೋಗೋ ಕಾಯಿಲೆ ಡಾಕ್ಟರ ಮುಂದೆ ಬರೋದಿಲ್ಲ. ಯಾವಾಗ ಹೊತ್ತುತ್ತೆ ಅಂತ ನೀವೇ ಬರೆದಿಡಿ" ಎಂದ. ಬರೆಯುವ ಕೆಲಸ ಕೊಟ್ಟರೆ ಟೀಚರು ಬಿಟ್ಟಾಳೆಯೇ? ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿ ಹಾಜರಿ ಪುಸ್ತಕವನ್ನೇ ಮಾಡಿದೆ. ದಿನಾಂಕ, ಮಳೆಯೋ ಬಿಸಿಲೋ, ಎಡ ತಿರುವೋ ಬಲ ತಿರುವೋ, ಪಕ್ಕದಲ್ಲಿ ಕೂತವರು ಯಾರು, ಹಾರನ್ ಸರಿಯಾಗಿ ಹೊಡೆಯುತ್ತಿತ್ತೇ.

ಹಾರನ್ ಏಕೆಂದರೆ, ಸ್ಟಿಯರಿಂಗ್ ಚಕ್ರದೊಳಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಒಂದು ಪಟ್ಟಿತಂತಿ ಇರುತ್ತದೆ. ಹಾರನ್ನಿಗೂ ಚಾಲಕನ ಗಾಳಿಚೀಲಕ್ಕೂ ಅದರೊಳಗಿಂದಲೇ ದಾರಿ. ಅದು ಸವೆದಿದ್ದರೆ ಚಕ್ರ ತಿರುಗಿಸುವಾಗ ದೀಪ ಬರುತ್ತದೆ, ಹಾರನ್ನೂ ಕೈಕೊಡಬಹುದು. ಬ್ಯಾಟರಿ ಸೊರಗಿದ್ದರೆ ಬೆಳಗಿನ ಚಳಿಯಲ್ಲಿ ಗಾಡಿ ಶುರು ಮಾಡುವಾಗ ಬರುತ್ತದೆ. ಇಲಿ ತಂತಿ ಕಡಿದಿರಬಹುದು. ಸೀಟಿನಡಿಯ ಕೊಂಡಿ ಸಡಿಲವಾಗಿರಬಹುದು. ಆರು ವಾರದ ಹಾಜರಿ ನೋಡಿದಾಗ ತಿರುವಿಗೂ ದೀಪಕ್ಕೂ ಸಂಬಂಧ ಕಾಣಲಿಲ್ಲ, ಹಾರನ್ ಒಂದು ದಿನವೂ ತಪ್ಪಲಿಲ್ಲ. ದೀಪ ಬಂದ ಹದಿನೊಂದು ಸಲದಲ್ಲಿ ಒಂಬತ್ತು ಸಲ ಮಳೆ. ಉಳಿದೆರಡು ಸಲ ನಮ್ಮ ನಾದಿನಿ ಕಾಲು ಚಾಚಲೆಂದು ಪಕ್ಕದ ಸೀಟನ್ನು ಹಿಂದಕ್ಕೆ ಸರಿಸಿದ್ದಳು.

ಹುಡುಗ ನೋಟ್‌ಬುಕ್ ಓದಿ ನೇರ ಆ ಸೀಟಿನ ಬಳಿ ಹೋದ. ಕೂಡಲೇ ಕೈ ಹಾಕಲಿಲ್ಲ. ಬ್ಯಾಟರಿಯ ತಂತಿ ಕಳಚಿ ಹತ್ತು ನಿಮಿಷ ಸುಮ್ಮನೆ ಕೂತ. ಒಳಗೆ ಉಳಿದ ವಿದ್ಯುತ್ತು ಇಳಿಯದೆ ಹಳದಿ ಕೊಂಡಿಗಳನ್ನು ಮುಟ್ಟಬಾರದು, ಸಾಮಾನ್ಯ ಮೀಟರಿಟ್ಟು ಪರೀಕ್ಷಿಸಲೂ ಬಾರದು, ಚೀಲ ಮುಖದ ಮೇಲೇ ಸಿಡಿದೀತು ಎಂದ. ಆಮೇಲೆ ಸೀಟು ಎತ್ತಿ ತೋರಿಸಿದ. ಬೆಲ್ಟು ಬಿಗಿಯುವ ಸಾಧನದ ಹಳದಿ ಕೊಂಡಿಯಲ್ಲಿ ಹಿತ್ತಾಳೆ ಪಾತ್ರೆಗೆ ಕಟ್ಟುವಂಥ ಹಸಿರು ಕಿಲುಬು. "ಇಲ್ಲಿ ನೀರು ಹೇಗೆ ಬಂತು ಟೀಚರೇ?" ಎಂದ. ನನಗೆ ನಾಚಿಕೆಯಾಯಿತು. ಶಾಲೆಯಿಂದ ಬಂದು ಕಾರು ಹತ್ತಿದೊಡನೆ ತೊಟ್ಟಿಕ್ಕುವ ಕೊಡೆಯನ್ನು ಆ ಸೀಟಿನಡಿಗೇ ತುರುಕುತ್ತಿದ್ದವಳು ನಾನೇ! ಕೊಂಡಿ ಬದಲಿಸಿ, ಹಳೆಯ ಸಂಖ್ಯೆ ಅಳಿಸಿ, "ಇದೇ ಕಾರಣ ಅಂತ ನನಗನ್ನಿಸುತ್ತೆ. ಆದರೆ ಒಂದು ಮಳೆಗಾಲ ಕಳೆಯದೆ ಮಾತು ಕೊಡಲಾರೆ" ಎಂದ. ಅವನ ಆ ಮಾತಿಗೆ ಗಣಿತದಲ್ಲಿ ಕಳೆದುಕೊಂಡ ಅಂಕಗಳನ್ನೆಲ್ಲ ಮರಳಿ ಕೊಟ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಇಷ್ಟೆಲ್ಲ ಬರೆಯುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ಕಾರು ಮಾರುವುದೆಂದಾಯಿತು. ಮನೆಯ ಮಾಡು ಸೋರುತ್ತಿತ್ತು, ಮಳೆಗೆ ಮೊದಲು ಹೆಂಚು, ಪಕ್ಕಾಸು ಬದಲಿಸಬೇಕಿತ್ತು. ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬಳು, ನಾಲ್ಕು ವರ್ಷದ ಮಗುವಿನ ತಾಯಿ, ದಿನವೂ ಕುಶಾಲನಗರದಿಂದ ಬಂದು ಹೋಗುವವಳು, ಕಾರು ನೋಡಲು ಬಂದಳು. ಓಡಿಸಿ ನೋಡಿದಳು. ಬಿಸಿಲಿನ ದಿನ, ದೀಪ ಹೊತ್ತಲಿಲ್ಲ. ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಮಾತಾಯಿತು.

ಆ ರಾತ್ರಿ ನಮ್ಮಿಬ್ಬರಿಗೂ ಚರ್ಚೆ. "ಆರು ತಿಂಗಳಿಂದ ಬಂದಿಲ್ಲ. ಇಲ್ಲದ ರೋಗ ಹೇಳಿ ಹೆದರಿಸುವುದೇಕೆ? ಕೇಳಿದರೆ ಹೇಳೋಣ. ನಾವೇನು ಸುಳ್ಳು ಹೇಳುತ್ತಿಲ್ಲವಲ್ಲ" ಎಂದರು. ಅವರ ಮಾತು ಅನ್ಯಾಯದ್ದಲ್ಲ. ಮಾಡಿನ ಖರ್ಚು ನನ್ನ ಕಣ್ಣ ಮುಂದೆಯೂ ಇತ್ತು. ಆದರೆ ನನಗೆ ಧರ್ಮರಾಯ ನೆನಪಾದ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿಯೂ ಆನೆಯೆಂದು ಮೆಲ್ಲಗೂ ಹೇಳಿದನಲ್ಲ, ಅವನೂ ಸುಳ್ಳು ಹೇಳಿರಲಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲ ಮುಟ್ಟಿತು. ಕೇಳುವವನಿಗೆ ಮುಟ್ಟದಂತೆ ಹೇಳಿದ ಸತ್ಯ ಯಾರ ಕೆಲಸಕ್ಕೆ ಬಂತು? ಕೇಳಿದರೆ ಹೇಳೋಣ ಎನ್ನುವುದೂ ಹಾಗೆಯೇ. ಏನು ಕೇಳಬೇಕೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವುದು ನಮಗೆ.

ಇನ್ನೊಂದು ನೆನಪೂ ನಿದ್ದೆಗೆಡಿಸಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಪರಿಹಾರ ಕೇಂದ್ರದಲ್ಲಿ ನಾವು ಟೀಚರುಗಳು ಬಡಿಸುವ ಕೆಲಸಕ್ಕೆ ಹೋಗುತ್ತಿದ್ದೆವು. ಮನೆ ಕಳೆದುಕೊಂಡು ಬಂದ ಹೆಂಗಸೊಬ್ಬಳು ತಟ್ಟೆ ಹಿಡಿದುಕೊಂಡೇ ಹೇಳಿದಳು: "ಹಿತ್ತಲಲ್ಲಿ ಬಿರುಕು ಬಿಟ್ಟಿತ್ತು ಟೀಚರ್. ಎರಡು ದಿನ ಮಳೆ ಬಿಟ್ಟಾಗ ಮಣ್ಣು ಹಾಕಿ ಮುಚ್ಚಿದೆವು. ಆಮೇಲೆ ಕಾಣಲಿಲ್ಲ, ಸರಿಹೋಯಿತು ಅಂದುಕೊಂಡೆವು." ಅವಳನ್ನು ದೂರಲು ನನಗೆ ಬಾಯಿಲ್ಲ. ಹುಟ್ಟಿದ ಮನೆ ಬಿಟ್ಟು ಹೊರಡಲು ಯಾರಿಗೆ ಮನಸ್ಸು ಬರುತ್ತದೆ? ಒಮ್ಮೊಮ್ಮೆ ಎದೆ ಹಿಡಿದಂತಾದರೂ, ಹೋಯಿತಲ್ಲ ಎಂದು ಒಲೆಯ ಮುಂದೆ ನಿಲ್ಲುವವರಲ್ಲವೇ ನಾವೆಲ್ಲ? ಬಂದು ಹೋಗುವ ಎಚ್ಚರಿಕೆಯ ಕಷ್ಟವೇ ಇದು. ಹೋದ ಹೊತ್ತನ್ನು ನಂಬಲು ನಮಗೆ ಆಸೆ. ಅದರ ಫಲ ನಮ್ಮ ತಲೆಗೇ ಬರುವುದಾದರೆ ನಮ್ಮ ಹಣೆಬರಹ ಎನ್ನೋಣ. ನಮ್ಮ ಆಸೆಗೆ ಬೇರೆ ತಾಯಿಯ ಮಗುವನ್ನು ಒಡ್ಡುವ ಹಕ್ಕು ನಮಗೆ ಯಾರು ಕೊಟ್ಟರು?

ಬೆಳಿಗ್ಗೆ ಶಾಲೆಯಲ್ಲಿ ಅವಳ ಕೈಗೆ ನೋಟ್‌ಬುಕ್ಕನ್ನೇ ಕೊಟ್ಟೆ. ಕೊಡೆಯ ವಿಷಯವನ್ನೂ ಬಿಡದೆ ಹೇಳಿದೆ. "ಥ್ಯಾಂಕ್ಸ್ ಅಕ್ಕಾ, ಮನೆಯಲ್ಲಿ ಕೇಳಿ ಹೇಳ್ತೀನಿ" ಎಂದಳು. ವಾರದ ಮೇಲೆ ಅವಳ ಗಂಡ ಫೋನ್ ಮಾಡಿ, ಬೇರೆ ಕಾರು ನೋಡಿದ್ದಾಗಿದೆ, ಅದರಲ್ಲಿ ಏನೂ ತೊಂದರೆ ಇಲ್ಲವಂತೆ ಎಂದರು. ನಮ್ಮವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಆ ವರ್ಷ ಮಾಡಿಗೆ ಟಾರ್ಪಾಲು ಹೊದೆಸಿದೆವು.

ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಅವಳು ತನ್ನ ಕಾರಿನಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟಳು. ಬೀಗದ ಕೈ ತಿರುಗಿಸಿದಾಗ ಅಭ್ಯಾಸಬಲದಿಂದ ನನ್ನ ಕಣ್ಣು ದೀಪಗಳ ಕಡೆಗೆ ಹೋಯಿತು. ಬ್ಯಾಟರಿಯ ಚಿತ್ರ ಬಂತು, ಎಣ್ಣೆಯ ಚಿತ್ರ ಬಂತು. ಆ ಬಸುರಿ ಹೆಂಗಸು ಮಾತ್ರ ಬರಲೇ ಇಲ್ಲ. ಸ್ಟಿಯರಿಂಗ್ ಮೇಲೆ ಏರ್‌ಬ್ಯಾಗ್ ಎಂದು ಬರೆದಿದೆ, ದೀಪ ಒಂದು ಕ್ಷಣವೂ ಹೊತ್ತುವುದಿಲ್ಲ. ಹೊರಗೆ ಥಳಕು, ಒಳಗೆ ಹುಳುಕು. ಯಾರೋ ಐನೂರು ರೂಪಾಯಿ ಕೊಟ್ಟು ಬಾಯಿ ಮುಚ್ಚಿಸಿದ್ದರು.

ಈ ಸಲ ಹೇಳಬೇಕೋ ಬೇಡವೋ ಎಂದು ನಾನು ರಾತ್ರಿಯವರೆಗೆ ಕಾಯಲಿಲ್ಲ. ಹೇಳಿದಾಗ ಅವಳ ಮುಖ ಚಿಕ್ಕದಾಯಿತು. ನನ್ನ ಹಳೆಯ ವಿದ್ಯಾರ್ಥಿಯೇ ಬಿಚ್ಚಿ ನೋಡಿ ದೀಪದ ಸಂಪರ್ಕವನ್ನು ಮತ್ತೆ ಜೋಡಿಸಿದ. ಜೋಡಿಸಿದ ಕ್ಷಣದಿಂದ ಅದು ಉರಿಯುತ್ತಲೇ ಇದೆ. ರಿಪೇರಿಗೆ ದುಡ್ಡು ಹೊಂದಿಸುತ್ತಿದ್ದಾಳೆ. ಮಗುವನ್ನು ಹಿಂದಿನ ಸೀಟಿನಲ್ಲೇ ಕೂರಿಸಿ ಬೆಲ್ಟು ಕಟ್ಟುತ್ತಾಳೆ. "ಅಕ್ಕಾ, ನಿಮ್ಮ ಕಾರಿನಲ್ಲಿ ದೋಷ ಇದೆ ಅಂತ ಬಿಟ್ಟು, ದೋಷ ಹೇಳದವರ ಕಾರು ತಗೊಂಡೆವಲ್ಲ" ಎಂದು ಕಣ್ಣು ತುಂಬಿಕೊಂಡಳು. ಹಳೆಯ ಕಾರು ಕೊಳ್ಳಲು ಹೋಗುವ ತಂಗಿಯರೇ, ದೀಪ ಹೊತ್ತಿದೆಯೇ ಎಂದು ನೋಡುವ ಮೊದಲು, ಬೀಗದ ಕೈ ತಿರುಗಿಸಿದಾಗ ಒಮ್ಮೆಯಾದರೂ ಹೊತ್ತುತ್ತದೆಯೇ ಎಂದು ನೋಡಿ.

ನಮ್ಮ ಕಾರು ನಮ್ಮಲ್ಲೇ ಇದೆ. ಇನ್ನೊಂದು ಮಳೆಗಾಲ ಕಳೆಯಿತು, ದೀಪ ಬರಲಿಲ್ಲ. ಕೊಡೆಗೆ ಹಿಂದುಗಡೆ ಒಂದು ಬಕೆಟ್ ಇಟ್ಟಿದ್ದೇನೆ. ನಮ್ಮವರು ಈಗ ಬೀಗದ ಕೈ ತಿರುಗಿಸಿ, ಆ ಚಿತ್ರ ಹೊತ್ತಿ ಆರುವವರೆಗೆ ಕಾದು ಆಮೇಲೆ ಗಾಡಿ ಹೊರಡಿಸುತ್ತಾರೆ. ನೆಂಟರು ಬಂದಾಗ ಎರಡು ದೀಪಗಳ ಕಥೆಯನ್ನೂ ಹೇಳುತ್ತಾರೆ. ಕಡೆಯಲ್ಲಿ ಒಂದು ಮಾತು ಮಾತ್ರ ಹೊಸದಾಗಿ ಸೇರಿದೆ: "ಅಡುಗೆಮನೆಯದರ ತಂತಿ ಕೀಳಬಾರದು ಮಾರಾಯರೇ."