ಶುಕ್ರನ ನೆಲ, ಶನಿಯ ದೃಷ್ಟಿ

ಸೌರಮಂಡಲದಲ್ಲಿ ಎಲ್ಲಕ್ಕಿಂತ ಭಯಂಕರ ಗ್ರಹ ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸದೆ ಶನಿಯ ಹೆಸರು ಹೇಳುತ್ತಾರೆ. ಉರ್ದುವಿನಲ್ಲಿ ಆ ಶನಿ ಜುಹಲ್. ಹಳೆಯ ನಜೂಮಿಗಳು ಅದಕ್ಕೆ ‘ನಹಸೆ ಅಕ್ಬರ್’, ಅಂದರೆ ಮಹಾ ಅಪಶಕುನ ಎಂಬ ಬಿರುದನ್ನೇ ಕೊಟ್ಟಿದ್ದರು. ಮಂಗಳ ಅವರ ಪಾಲಿಗೆ ಆಕಾಶದ ಜಲ್ಲಾದ. ಶುಕ್ರ ಮಾತ್ರ ಎರಡೂ ಕಡೆ ಮುದ್ದಿನ ಗ್ರಹ. ಕನ್ನಡದಲ್ಲಿ ದುಡ್ಡು ಕೂಡಿಬಂದವನಿಗೆ ಶುಕ್ರದೆಸೆ. ಉರ್ದು ಕವಿಗಳಿಗೆ ಜೊಹರಾ ಆಕಾಶದ ನರ್ತಕಿ. ಎಷ್ಟೋ ವಿಷಯಗಳಲ್ಲಿ ಜಗಳವಾಡುವವರು ಈ ಒಂದರಲ್ಲಿ ಒಮ್ಮತಕ್ಕೆ ಬಂದಿದ್ದಾರೆ.

ಆದರೆ ಅಲ್ಲಿ ಇಳಿದು ನೋಡಿದ ಯಂತ್ರಗಳ ಸಾಕ್ಷ್ಯ ಬೇರೆಯೇ ಇದೆ. ಶುಕ್ರನ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸ ಕರಗಿ ಹರಿಯುವ ಬಿಸಿ. ಗಾಳಿಯ ಒತ್ತಡ ನಮ್ಮಲ್ಲಿರುವುದರ 90 ಪಟ್ಟಿಗೂ ಹೆಚ್ಚು. ಮೇಲೆ ಗಂಧಕಾಮ್ಲದ ಮೋಡ. 1982ರ ಮಾರ್ಚ್ 1ರಂದು ಸೋವಿಯತ್ ಒಕ್ಕೂಟದ ವೆನೆರಾ 13 ಅಲ್ಲಿಳಿದು, ಬಣ್ಣದ ಚಿತ್ರಗಳನ್ನು ಕಳಿಸಿ, 127 ನಿಮಿಷಗಳ ನಂತರ ಮೌನವಾಯಿತು. ಅರ್ಧ ಗಂಟೆ ಬಾಳಿದರೆ ಸಾಕೆಂದು ಕಟ್ಟಿದ ಯಂತ್ರವದು! ಸೂರ್ಯನಿಗೆ ಇನ್ನೂ ಹತ್ತಿರವಿರುವ ಬುಧನೂ ಇಷ್ಟು ಬೇಯುವುದಿಲ್ಲ. ಕಾರಣ ಶುಕ್ರನ ಗಾಳಿ. ಅದರಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ಒಳಬಂದ ಶಾಖವನ್ನು ಅದು ಕಂಬಳಿಯಂತೆ ಹಿಡಿದಿಡುತ್ತದೆ. ಇನ್ನೊಂದು ಸಂಗತಿಯಿದೆ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ನಮ್ಮ ಮನೆಗಳಲ್ಲಿ ಅದು ಕಿಯಾಮತ್ತಿನ ಕುರುಹು. ಅಲ್ಲಿ ನಮ್ಮ 117 ದಿನಗಳಿಗೊಮ್ಮೆ ಬರುವ ಎಂದಿನ ಬೆಳಗು.

ಹಾಗಾದರೆ ಶುಕ್ರ ಕ್ರೂರಿಯೇ? ನಮಗೆ ಅನುಮಾನವಿದೆ. ಕ್ರೌರ್ಯಕ್ಕೊಂದು ಮನಸ್ಸು ಬೇಕು, ಎದುರಿನವನ ನೋವನ್ನು ಕಾಣಬಲ್ಲ ಕಣ್ಣು ಬೇಕು. ಕಾದ ಆ ನೆಲಕ್ಕೆ ನಾವಿದ್ದೇವೆಂಬುದೇ ತಿಳಿಯದು. ಬಹುಶಃ ಇದೇ ನಮಗೆ ಸಹಿಸಲು ಕಷ್ಟ. ಶನಿ ಕಾಡುತ್ತಾನೆ ನಿಜ, ಆದರೆ ಏಳೂವರೆ ವರ್ಷ ನಮ್ಮನ್ನೇ ನೋಡುತ್ತಿರುತ್ತಾನಲ್ಲ! ಮುನಿದ ಗ್ರಹದೊಡನೆ ವ್ಯವಹಾರ ಸಾಧ್ಯ. ಎಳ್ಳೆಣ್ಣೆಯ ದೀಪ ಹಚ್ಚಬಹುದು, ತಾವೀಜು ಕಟ್ಟಿಸಬಹುದು. ನಮ್ಮ ಗುರುತೇ ಇಲ್ಲದ ಗ್ರಹದೊಡನೆ ಏನೆಂದು ಮಾತಾಡುವುದು?

ಈ ಸಮಾಧಾನಕ್ಕೆ ಬೆಲೆ ತೆರುವವರು ಬೇರೆ. ಕುಜದೋಷವಿದೆಯೆಂದು ಜಾತಕ ವಾಪಸು ಬಂದ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ನಮ್ಮ ಮೊಹಲ್ಲಾಗಳಲ್ಲೂ ಹೆಸರಿನ ಅಕ್ಷರ ಎಣಿಸಿ, ಸಿತಾರೆ ಕೂಡುವುದಿಲ್ಲವೆಂದು ಸಂಬಂಧ ಬೇಡವೆನ್ನುವವರಿಗೆ ಬರವಿಲ್ಲ. 2014ರ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳಯಾನ ಇದೇ ಕುಜನ ಕಕ್ಷೆ ಸೇರಿತು. ಅದನ್ನು ನಡೆಸಿದ್ದು ನಮ್ಮ ಬೆಂಗಳೂರಿನಿಂದಲೇ. 2022ರಲ್ಲಿ ಸಂಪರ್ಕ ಕಡಿಯುವವರೆಗೆ ಅದು ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಕೆಂಧೂಳು, ಕುಳಿಗಳು, ಆರಿಹೋದ ಜ್ವಾಲಾಮುಖಿಗಳು. ಯಾವ ಹುಡುಗಿಯ ಮೇಲೂ ಹಗೆಯಿರುವ ಸುಳಿವು ಅಲ್ಲಿರಲಿಲ್ಲ. ಜಾತಕ ವಾಪಸು ಕಳಿಸಿದವರ ಮನೆ, ಎಷ್ಟೋ ಸಲ, ಅವಳ ಮನೆಯಿಂದ ಎರಡೇ ಬೀದಿ ಆಚೆಗಿರುತ್ತದೆ.