ಹರಕೆಯಿಲ್ಲದ ನಡಿಗೆ



ಧಮ್ಮ ಬಂಧುಗಳೇ,

ಭಾನುವಾರ ಕೌದಳ್ಳಿಯಿಂದ ಹೊರಟು ಹೊಲದ ಹಾದಿಗಳಲ್ಲಿ ಒಂದು ದಿನ ಎಲ್ಲರೂ ಕೂಡಿ ನಡೆಯೋಣ ಎಂದಾಗ ಹಿರಿಯರೊಬ್ಬರು ಕೇಳಿದರು: "ಮಾದಪ್ಪನ ಬೆಟ್ಟಕ್ಕೆ ನಡಿಯಾದು ಬುಟ್ಟಾಯ್ತು. ಈಗ ಇನ್ನೆಲ್ಲಿಗೆ ನಡಿಯಾದು ಮೇಷ್ಟ್ರೇ?"

ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಮಹಾಡ್‌ಗೆ ಹೋಗೋಣ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ತಮ್ಮ ಜನರೊಡನೆ ಮೆರವಣಿಗೆಯಲ್ಲಿ ಹೋಗಿ ಚವದಾರ ಕೆರೆಯ ನೀರು ಕುಡಿದದ್ದು ನಮಗೆಲ್ಲ ಗೊತ್ತು. ಅದೇ ವರ್ಷದ ಡಿಸೆಂಬರಿನ ನಡಿಗೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮುಂಬಯಿಯಿಂದ ಸಮುದ್ರ ಮಾರ್ಗವಾಗಿ ಹೊರಟವರು ಸಾವಿತ್ರಿ ನದಿಯ ಅಳಿವೆಯೊಳಗೆ ಬಂದು, ಡಿಸೆಂಬರ್ 25ರಂದು ದಾಸಗಾಂವ್‌ನಲ್ಲಿ ಇಳಿದರು. ಕಲೆಕ್ಟರರ ಕರೆ ಬಂದಿದ್ದರಿಂದ ಬಾಬಾಸಾಹೇಬರು ಮುಂದೆ ಹೋಗಬೇಕಾಯಿತು. ಉಳಿದ ಜನ ಸುಮಾರು ಐದು ಮೈಲಿ ನಡೆದೇ ಮಹಾಡ್ ತಲುಪಿದರು. ನಾಯಕ ಜೊತೆಯಲ್ಲಿಲ್ಲವೆಂದು ಸಾಲು ಕೆಡಲಿಲ್ಲ. ಆ ರಾತ್ರಿಯೇ ಮನುಸ್ಮೃತಿ ಸುಟ್ಟದ್ದು.

ಆದರೆ ಕೆರೆಯ ನೀರು ಮುಟ್ಟದಂತೆ ಕೋರ್ಟಿನ ತಡೆಯಾಜ್ಞೆ ಇತ್ತು. ಸಾವಿರಾರು ಜನ ಕೆರೆಯ ಸುತ್ತ ನಡೆದು, ನೀರು ಮುಟ್ಟದೆ ಹಿಂದಿರುಗಿದರು. ಹತ್ತು ವರ್ಷದ ಮೇಲೆ, 1937ರಲ್ಲಿ, ಬಾಂಬೆ ಹೈಕೋರ್ಟು ನಮ್ಮ ಹಕ್ಕನ್ನು ಎತ್ತಿಹಿಡಿಯಿತು.

ಬಂಧುಗಳೇ, ಮಾರ್ಚಿನಲ್ಲಿ ಕುಡಿಯುವುದಕ್ಕೆ ಧೈರ್ಯ ಬೇಕಿತ್ತು. ಡಿಸೆಂಬರಿನಲ್ಲಿ ಕುಡಿಯದೆ ಹಿಂದಿರುಗುವುದಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಿತ್ತು. ಎದುರಿಗೆ ನೀರು, ಎದೆಯೊಳಗೆ ತಲತಲಾಂತರದ ದಾಹ, ಆದರೂ ಹೆಜ್ಜೆ ತಪ್ಪಲಿಲ್ಲ. ಸಿಟ್ಟು ಬಂದಾಗಲೂ ಕಾಲು ನಮ್ಮ ಹತೋಟಿಯಲ್ಲಿರುವುದು, ಅದೇ ಶೀಲ. ಆ ಜನ ಇನ್ನೂ ದೀಕ್ಷೆ ಪಡೆದಿರಲಿಲ್ಲ. 1956 ಬಹಳ ದೂರವಿತ್ತು. ಆದರೆ ಧಮ್ಮದ ಹಾದಿಯಲ್ಲಿ ಆಗಲೇ ನಡೆಯುತ್ತಿದ್ದರು.

ಭಗವಾನ್ ಬುದ್ಧರು ನಡಿಗೆಯನ್ನೇ ಒಂದು ಸಾಧನೆಯಾಗಿ ಕಲಿಸಿದರು. ಪಾಲಿಯಲ್ಲಿ ಅದಕ್ಕೆ ಚಂಕಮ ಎಂದು ಹೆಸರು. ಅಂಗುತ್ತರ ನಿಕಾಯದಲ್ಲಿ ಅದರ ಐದು ಫಲಗಳನ್ನು ಹೇಳಿದ್ದಾರೆ: ದೂರದ ಪಯಣಕ್ಕೆ ಕಸುವು, ಪ್ರಯತ್ನಕ್ಕೆ ಕಸುವು, ಆರೋಗ್ಯ, ಉಂಡದ್ದು ಅರಗುವುದು, ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಇದರಲ್ಲಿ ಹರಕೆಯಿಲ್ಲ, ವರವಿಲ್ಲ. ನಡೆದವರಿಗೆ ನಡೆದಷ್ಟು ಫಲ.

ಆದ್ದರಿಂದ ಹಿರಿಯರಿಗೆ ನನ್ನ ಉತ್ತರ: ಯಾವ ಬೆಟ್ಟಕ್ಕೂ ಅಲ್ಲ ಯಜಮಾನರೇ, ನಮ್ಮ ಹೆಜ್ಜೆ ನಮಗೇ ತಿಳಿಯಲಿ ಎಂದು. ಒಂದು ಕಾಲದಲ್ಲಿ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಡೆಯಬೇಕಿದ್ದ ಬೀದಿಗಳು ಈ ನಾಡಿನ ಊರೂರಲ್ಲೂ ಇದ್ದವು. ನಾವು ತಲೆಯೆತ್ತಿ ನಡೆಯೋಣ, ಆದರೆ ಯಾರನ್ನೂ ತುಳಿಯುವಂತೆ ಬೇಡ. ಮೊದಲ ಅರ್ಧ ಗಂಟೆ ಮಾತಿಲ್ಲ, ಮೊಬೈಲಿಲ್ಲ. ವಯಸ್ಸಾದವರ ನಡಿಗೆಯೇ ಎಲ್ಲರ ನಡಿಗೆ.

ಇನ್ನೊಂದು ಮಾತು. ಶಿವರಾತ್ರಿ, ದೀಪಾವಳಿಗೆ ನಮ್ಮೂರಿನ ಮೇಲೆಯೇ ಬೆಟ್ಟಕ್ಕೆ ನಡೆದುಹೋಗುವವರನ್ನು ನಾವು ಹಂಗಿಸುವುದು ಬೇಡ. ಅವರಲ್ಲಿ ನಮ್ಮ ಅಕ್ಕತಂಗಿಯರೂ ಇರುತ್ತಾರೆ. ಬಾಯಾರಿ ಬಂದವರಿಗೆ ಒಂದು ಚೊಂಬು ನೀರು ಕೊಡಿ, ಜಾತಿ ಕೇಳಬೇಡಿ. ನೀರಿಗಾಗಿ ನಡೆದವರ ಮಕ್ಕಳು ನಾವು.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.