ಮೂರನೆಯ ತಿಂಗಳಲ್ಲಿ ಯಾರಿದ್ದಾರೆ?

ಲಕ್ವ ಹೊಡೆದವರನ್ನು ನೋಡಲು ಜನ ಬರುವುದಕ್ಕೂ ಒಂದು ಕಾಲವಿದೆ. ಮೊದಲ ವಾರ ಆಸ್ಪತ್ರೆಯ ವಾರ್ಡಿನಾಚೆ ನಿಲ್ಲಲು ಜಾಗವಿರುವುದಿಲ್ಲ. ಎಳನೀರು, ಮೂಸಂಬಿ, ಹಾರ್ಲಿಕ್ಸು, ಯಾವುದೋ ಊರಿನ ನಾಟಿ ವೈದ್ಯರ ಫೋನ್ ನಂಬರು ಎಲ್ಲವೂ ಬರುತ್ತವೆ. ಪಾರಿವಾಳದ ರಕ್ತ ಹಚ್ಚಿ ತಿಕ್ಕಿಸಿ ಎನ್ನುವವರೂ ಒಬ್ಬರಿದ್ದೇ ಇರುತ್ತಾರೆ. ಮನೆಗೆ ಕರೆತಂದ ಮೇಲೂ ಕೆಲವು ದಿನ ಈ ಓಡಾಟ ನಡೆಯುತ್ತದೆ. ಆಮೇಲೆ ಮಗನ ರಜೆ ಮುಗಿಯುತ್ತದೆ, ಮಗಳು ತನ್ನ ಮನೆಗೆ ಹೊರಡುತ್ತಾಳೆ, ದಿನಾ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ವಾರಕ್ಕೆರಡು ದಿನ ಬಂದು, ಕೊನೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಮೂರನೆಯ ತಿಂಗಳಿಗೆ ಹಾಲಿನ ಮೂಲೆಯ ಮಂಚದ ಮೇಲೆ ಒಬ್ಬರು, ಎದುರಿಗೆ ಟಿ.ವಿ., ಅಡುಗೆಮನೆಯಲ್ಲಿ ಒಬ್ಬ ಹೆಣ್ಣುಮಗಳು.

ನಮ್ಮ ಕಾಳಜಿ ಹೀಗೆ ಏರಿ ಇಳಿಯುವ ರೀತಿಗೂ ಪೆಟ್ಟು ತಿಂದ ಮಿದುಳು ಚೇತರಿಸಿಕೊಳ್ಳುವ ರೀತಿಗೂ ತಾಳೆಯೇ ಆಗುವುದಿಲ್ಲ.

ಮೊದಲ ಗಂಟೆಗಳ ಅವಸರ ನ್ಯಾಯವಾದದ್ದೇ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಲ್ಲಿ ದೇವಸ್ಥಾನಕ್ಕೆ ಹೋಗಿ ಬರೋಣ, ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಆದರೆ ಅದೇ ಅವಸರವನ್ನು ಎಬ್ಬಿಸಿ ನಡೆಸುವ ಕೆಲಸಕ್ಕೂ ಹಚ್ಚಿದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ಅವರ ತಂಡ ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2,104 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪನ್ನು 24 ಗಂಟೆಯೊಳಗೇ ಹಾಸಿಗೆಯಿಂದಿಳಿಸಿ, ಮತ್ತೆ ಮತ್ತೆ, ಹೆಚ್ಚು ಹೊತ್ತು ನಿಲ್ಲಿಸಿ ನಡೆಸಿದರು. ಇನ್ನೊಂದಕ್ಕೆ ಎಂದಿನ ಆರೈಕೆ. ಮೂರು ತಿಂಗಳ ನಂತರ ತಮ್ಮ ಕೆಲಸ ತಾವು ನೋಡಿಕೊಳ್ಳುವ ಮಟ್ಟಕ್ಕೆ ಬಂದವರು ಅವಸರದ ಗುಂಪಿನಲ್ಲಿ ಶೇ. 46, ಎಂದಿನ ಆರೈಕೆಯಲ್ಲಿ ಶೇ. 50. ಹಾಗೆಂದು ಮಲಗಿಸಿಯೇ ಇಡಬೇಕು ಅಂತಲ್ಲ; ಎಂದಿನ ಆರೈಕೆಯವರೂ ಬೇಗನೆ ಎದ್ದು ಕೂತವರೇ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಎಬ್ಬಿಸುವುದು ಒಳ್ಳೆಯದೆಂದು ಅದೇ ಅಂಕಿಅಂಶಗಳ ಮುಂದಿನ ವಿಶ್ಲೇಷಣೆ ಸೂಚಿಸಿತು. ಮೊದಲ ದಿನವೇ ‘ಏಳಿ, ಧೈರ್ಯ ಮಾಡಿ, ನಡೀರಿ’ ಎಂದು ರಟ್ಟೆ ಹಿಡಿದು ಎಳೆಯುವ ಪ್ರೀತಿಗೆ ಮಾತ್ರ ಇಲ್ಲಿ ಬೆಂಬಲವಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಧ್ಯಯನ. ವಾಷಿಂಗ್ಟನ್ನಿನ ಅಲೆಕ್ಸಾಂಡರ್ ಡ್ರೊಮೆರಿಕ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ್ದು. ಕೈ ಸ್ವಾಧೀನ ತಪ್ಪಿದವರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ 20 ಗಂಟೆಗಳ ಹೆಚ್ಚುವರಿ ಅಭ್ಯಾಸ. ಕೆಲವರಿಗೆ ಮೊದಲ 30 ದಿನಗಳೊಳಗೆ, ಕೆಲವರಿಗೆ ಎರಡು ತಿಂಗಳು ತುಂಬಿ ಮೂರನೆಯದರಲ್ಲಿ, ಕೆಲವರಿಗೆ ಆರು ತಿಂಗಳು ಕಳೆದ ಮೇಲೆ. ವರ್ಷದ ಕೊನೆಗೆ ಕೈ ಹೆಚ್ಚು ಸುಧಾರಿಸಿದ್ದು ಮೂರನೆಯ ತಿಂಗಳಲ್ಲಿ ಅಭ್ಯಾಸ ಮಾಡಿದವರಲ್ಲಿ. ಮೊದಲ ತಿಂಗಳಿನವರಿಗೂ ಲಾಭವಾಯಿತು, ಅವರಿಗಿಂತ ಕಡಿಮೆ. ಆರು ತಿಂಗಳಾದ ಮೇಲೆ ಶುರುಮಾಡಿದವರಿಗೂ ಹೆಚ್ಚುವರಿ ಅಭ್ಯಾಸವೇ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಳೆ ನಿಂತ ಗಳಿಗೆಯಲ್ಲೇ ನೇಗಿಲು ಹೂಡದೆ, ನೆಲ ಒಣಗಿ ಬಿರಿಯುವವರೆಗೂ ಬಿಡದೆ, ಹದ ನೋಡುವ ರೈತನಿಗೆ ಇದೇನೂ ವಿಚಿತ್ರ ಅನ್ನಿಸಲಾರದು. ಪೆಟ್ಟಿನ ನಂತರ ಕೆಲವು ವಾರ, ತಿಂಗಳು ಮಿದುಳಿನ ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಳ್ಳಲು ವಿಶೇಷವಾಗಿ ತಯಾರಿರುತ್ತವೆ, ಬಳಿಕ ಆ ತಯಾರಿ ತಗ್ಗುತ್ತದೆ ಎಂಬುದು ವಿಜ್ಞಾನಿಗಳ ತಿಳಿವಳಿಕೆ. ಅಧ್ಯಯನದಲ್ಲಿದ್ದವರು 72 ಮಂದಿ ಮಾತ್ರ. ಇದೊಂದನ್ನೇ ನಂಬಿ ಯಾರ ಹಣೆಬರಹವನ್ನೂ ಬರೆಯಬಾರದು. ಆದರೂ ಆ ಮೂರನೆಯ ತಿಂಗಳು ಎಂದರೆ ನಮ್ಮ ಮನೆಗಳಲ್ಲಿ ಯಾವ ತಿಂಗಳು ಎಂಬುದನ್ನು ಮೇಲೆಯೇ ಹೇಳಿದ್ದೇನೆ.

ಉಳಿದುಕೊಂಡ ಆ ಹೆಣ್ಣುಮಗಳು ಏನು ಮಾಡುತ್ತಾಳೆ? ಊಟ ಕಲಸಿ ಬಾಯಿಗಿಡುತ್ತಾಳೆ, ಅಂಗಿಯ ಗುಂಡಿ ತಾನೇ ಹಾಕುತ್ತಾಳೆ. ಅವರೇ ಹಾಕಿಕೊಳ್ಳಲಿ ಎಂದರೆ ಹತ್ತು ನಿಮಿಷ ಬೇಕು, ಒಲೆಯ ಮೇಲೆ ಸಾರು ಉಕ್ಕುತ್ತಿದೆ. ಬಳಸದೆ ಬಿಟ್ಟ ಕೈಯನ್ನು ಮಿದುಳು ಮರೆಯುವುದನ್ನು ಕಲಿಯುತ್ತದೆ ಎಂದು ಎಡ್ವರ್ಡ್ ಟೌಬ್ ಎಂಬ ಮನಶ್ಶಾಸ್ತ್ರಜ್ಞ ದಶಕಗಳ ಹಿಂದೆಯೇ ಹೇಳಿದರು. ಸರಿಯಿರುವ ಕೈಗೆ ಕವಚ ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಅಲ್ಲಿಂದ ಬಂತು. ಒಂದು ಮೊರದಲ್ಲಿ ಅವರೆಕಾಯಿ ಹಾಕಿ ಎದುರಿಗಿಟ್ಟು ನೋಡಿ. ಸೋತ ಬಲಗೈಯ ಹೆಬ್ಬೆರಳು ಸಿಪ್ಪೆಯ ಅಂಚಿಗೆ ಸಿಗದೆ ಜಾರುತ್ತದೆ, ಕಾಯಿ ಉರುಳಿ ನೆಲಕ್ಕೆ ಬೀಳುತ್ತದೆ, ಮುಖ ಕೆಂಪಾಗುತ್ತದೆ, ಎಡಗೈ ತಾನಾಗಿ ನುಗ್ಗಿ ಬರುತ್ತದೆ. ಆ ಎಡಗೈಯನ್ನು ಮೆಲ್ಲಗೆ ತಡೆದು, ಸಿಟ್ಟಿನ ಬೈಗುಳ ತಿಂದು, ಸುಮ್ಮನೆ ಕೂತಿರಲು ಒಬ್ಬ ಮನುಷ್ಯ ಬೇಕು. ಒಲೆಯ ಮುಂದಿರುವವಳಿಂದ ಅದಾಗದು.

ಅಭ್ಯಾಸ ಮಾಡಿಸುವುದನ್ನು ಮನೆಯವರಿಗೇ ಕಲಿಸಿಬಿಟ್ಟರಾಯಿತಲ್ಲ ಎಂಬ ಆಸೆ ನಮ್ಮ ವೈದ್ಯರಿಗೂ ಇತ್ತು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು ಅದನ್ನೂ ಪರೀಕ್ಷಿಸಿ, 2017ರಲ್ಲಿ ಪ್ರಕಟಿಸಿದರು. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾಧೀನರಾಗಿ ಉಳಿದವರು ಮನೆಯವರಿಗೆ ಕಲಿಸಿದ ಗುಂಪಿನಲ್ಲೂ ಮಾಮೂಲಿ ಆರೈಕೆಯ ಗುಂಪಿನಲ್ಲೂ ಶೇ. 47. ತರಬೇತಿ ಪಡೆದ ಮನೆಯವರಿಂದ ಹೆಚ್ಚಿನ ಗುಣ ಕಾಣಲಿಲ್ಲ. ನನಗೆ ಇದು ಮನೆಯವರ ಸೋಲೆಂದು ತೋರುವುದಿಲ್ಲ. ಪಳಗಿದ ಕೈಗಳು ಮಾಡಬೇಕಾದ್ದನ್ನು ಅಕ್ಕರೆಯ ತಲೆಗೆ ಕಟ್ಟಿ ಸರ್ಕಾರವೂ ಸಮಾಜವೂ ಕೈತೊಳೆದುಕೊಳ್ಳುವಂತಿಲ್ಲ ಎಂದಷ್ಟೇ ಓದಿಕೊಳ್ಳುತ್ತೇನೆ.

ಕಾಲದ ಮಾತಿಗೆ ಒಂದು ಕೆಟ್ಟ ಬಳಕೆಯೂ ಇದೆ. ‘ಆರು ತಿಂಗಳಾಯ್ತಲ್ಲ, ಬರೋದಿದ್ದರೆ ಇಷ್ಟರಲ್ಲಿ ಬರ್ತಿತ್ತು’ ಎಂದು ರೋಗಿಯ ಎದುರಿಗೇ ಹೇಳುವವರಿದ್ದಾರೆ. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ, ಆರು ತಿಂಗಳನ್ನು ಎಂದೋ ದಾಟಿದವರಿಗೂ ಮೂರು ವಾರಗಳಲ್ಲಿ 90 ಗಂಟೆಗಳಷ್ಟು ಕೈಯ ಅಭ್ಯಾಸ ಮಾಡಿಸಿದಾಗ ಸುಧಾರಣೆ ಕಂಡಿತು, ಆರು ತಿಂಗಳ ನಂತರವೂ ಅದು ಉಳಿದಿತ್ತು ಎಂದು 2019ರಲ್ಲಿ ವರದಿಯಾಗಿದೆ. ತಡವಾದರೆ ದುಡಿಮೆ ಹೆಚ್ಚು ಬೇಕು. ಅಷ್ಟರಿಂದ ಬಾಗಿಲು ಮುಚ್ಚಿತೆಂದು ಸಾರುವ ಹಕ್ಕು ನೆಂಟರಿಗೆ ಬರುವುದಿಲ್ಲ. ‘ನೀವು ಆಗಲೇ ಮಾಡಿಸಬೇಕಿತ್ತು’ ಎಂದು ಕೈಯಲ್ಲಿ ಕಾಸಿಲ್ಲದೆ ನಿಲ್ಲಿಸಿದವರನ್ನು ಚುಚ್ಚುವ ಹಕ್ಕಂತೂ ಮೊದಲೇ ಇಲ್ಲ.

ಮೂವರು ಅಣ್ಣತಮ್ಮಂದಿರು ಮೊದಲ ವಾರವೇ ಒಟ್ಟಿಗೆ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುತ್ತಾರೆ. ಅವರಲ್ಲೊಬ್ಬ ‘ಇಲ್ಲಿ ನೀವಿದ್ದೀರಿ, ನನ್ನ ರಜೆ ಹಾಗೇ ಇರಲಿ, ಮೂರನೇ ತಿಂಗಳು ಪೂರ್ತಿ ಅಪ್ಪನ ಜೊತೆ ನಾನಿರ್ತೀನಿ’ ಎಂದರೆ ಲೆಕ್ಕಕ್ಕೆ ಅದೇ ಸರಿ. ಆದರೆ ಅವನು ಹಾಗೆಂದು ಬೆಂಗಳೂರಿಗೆ ಬಸ್ಸು ಹತ್ತಿದ ದಿನವೇ ಊರಲ್ಲಿ ಮಾತು ಹುಟ್ಟುತ್ತದೆ: ‘ಅಪ್ಪನಿಗೆ ಲಕ್ವ ಹೊಡೆದು ಬಿದ್ದಿದ್ದರೂ ಡ್ಯೂಟಿಗೆ ಹೋದ ನೋಡು.’